ಏಳನೇ ತರಗತಿಯಲ್ಲಿ ಕಾಗದ ಮಡಚಿದ ಒಂದು ವರ್ಷ

ಜೂನ್ ತಿಂಗಳ ಕೊನೆಯ ಶನಿವಾರ ಏಳನೇ ತರಗತಿಯ 36 ಮಕ್ಕಳ ಮುಂದೆ ಬಣ್ಣದ ಕಾಗದದ ಚೌಕವೊಂದನ್ನು ಹಿಡಿದು ನಿಂತು, ಕಾಗದ ಮಡಚಿ ಆಕೃತಿ ಮಾಡುವ ಕಲೆಯಾದ ಒರಿಗಾಮಿಯ ಪ್ರಸಿದ್ಧ ಕೊಕ್ಕರೆಯನ್ನು ಮಾಡಿಸಲು ಹೊರಟ ನಾನು, ನಲವತ್ತು ನಿಮಿಷಗಳ ಆ ಅವಧಿ ಮುಗಿಯುವಷ್ಟರಲ್ಲಿ ಪೂರ್ತಿಯಾಗಿ ಸೋತಿದ್ದೆ. ಮಕ್ಕಳಿಗೆ ಎದುರಾಗಿ ನಿಂತಿದ್ದರಿಂದ ನನ್ನ ಎಡ ಅವರಿಗೆ ಬಲವಾಯಿತು. ಹಿಂದಿನ ಬೆಂಚಿನವರಿಗೆ ನನ್ನ ಬೆರಳುಗಳು ಕಾಣಲೇ ಇಲ್ಲ. ಕಾಗದದ ಒಂದು ಪದರವನ್ನು ಮಾತ್ರ ಮೇಲಕ್ಕೆತ್ತಿ ಹೂವಿನ ದಳದ ಹಾಗೆ ಬಿಡಿಸಿ ಒತ್ತಬೇಕಾದ ಹಂತಕ್ಕೆ ಬಂದಾಗ ತರಗತಿಯ ಮೂಲೆಮೂಲೆಗಳಿಂದ "ಮಿಸ್, ನಂದು ಬರ್ತಿಲ್ಲ" ಎಂಬ ಕೂಗು ಎದ್ದಿತು. ಕೊನೆಗೆ ಮೇಜಿನ ಮೇಲೆ ಐದು ಕೊಕ್ಕರೆಗಳು ಕುಳಿತಿದ್ದವು; ಅವುಗಳಲ್ಲಿ ನಾಲ್ಕನ್ನು ಮಡಚಿದವಳು ನಾನೇ.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಒರಿಗಾಮಿಯನ್ನು ತರಗತಿಗೆ ತರಬೇಕೆಂಬ ಆಸೆ ಹುಟ್ಟಿದ್ದು ಶಿಕ್ಷಕರ ತರಬೇತಿಯೊಂದರಲ್ಲಿ. ಏಕಾಗ್ರತೆ ಹೆಚ್ಚುತ್ತದೆ, ಮೆದುಳಿನ ಎರಡೂ ಭಾಗಗಳು ಚುರುಕಾಗುತ್ತವೆ, ಸೃಜನಶೀಲತೆ ಅರಳುತ್ತದೆ ಎಂದೆಲ್ಲ ಅಲ್ಲಿ ಹೇಳಿದ್ದರು. ಇಂಥ ಮಾತುಗಳನ್ನು ಯೋಗಕ್ಕೂ ಹೇಳುತ್ತಾರೆ, ಸಂಗೀತಕ್ಕೂ ಹೇಳುತ್ತಾರೆ, ಚದುರಂಗಕ್ಕೂ ಹೇಳುತ್ತಾರೆ. ಆದುದರಿಂದ ನನಗೆ ಅವುಗಳ ಮೇಲೆ ಹೆಚ್ಚು ಭರವಸೆ ಇರಲಿಲ್ಲ. ಆದರೆ ಪೆಟ್ಟಿಗೆ, ಕೈವಾರ, ಮಾದರಿ ಯಾವುದೂ ಬೇಡದ, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ನಡೆದುಹೋಗುವ ಕಲಿಕೋಪಕರಣ ಎಂಬುದು ನಮ್ಮಂಥ ಶಾಲೆಗೆ ಸಣ್ಣ ಮಾತಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದರು. "ಮೇಡಂ, ವಾರಕ್ಕೆ ಒಂದೇ ಅವಧಿ, ಪಾಠ ಹಿಂದೆ ಬೀಳಬಾರದು" ಎಂಬ ಷರತ್ತನ್ನೂ ಹಾಕಿದರು.

ಆ ಸೋತ ಶನಿವಾರದ ಸಂಜೆ ಮಕ್ಕಳು ಬಿಟ್ಟುಹೋಗಿದ್ದ ಅರ್ಧಂಬರ್ಧ ಕೊಕ್ಕರೆಗಳನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಒಂದನ್ನು ಸುಮ್ಮನೆ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಚೌಕದ ಎರಡು ಕರ್ಣಗಳು, ಎದುರುಬದುರು ಬದಿಗಳ ಮಧ್ಯಬಿಂದುಗಳನ್ನು ಸೇರಿಸುವ ಎರಡು ಗೆರೆಗಳು, ಮೂಲೆಯ 45 ಡಿಗ್ರಿಯನ್ನು ಮತ್ತೆ ಎರಡಾಗಿ ಸೀಳಿದ ಕೋನಾರ್ಧಕಗಳು, ಒಂದರ ಪಕ್ಕ ಒಂದು ಸಮದ್ವಿಬಾಹು ತ್ರಿಭುಜಗಳು! ಏಳನೇ ತರಗತಿಯ ರೇಖಾಗಣಿತದ ಬಹುಪಾಲು ಅಲ್ಲಿ ಗೀಚಿ ಇಟ್ಟಂತೆ ಇತ್ತು. ಮಕ್ಕಳು ಅದನ್ನೆಲ್ಲ ತಾವೇ ಎಳೆದಿದ್ದರು, ನಾನು ಮಾತ್ರ ಹಕ್ಕಿ ಬರಲಿಲ್ಲವೆಂದು ಕೊರಗುತ್ತಿದ್ದೆ. ಹಕ್ಕಿಯನ್ನು ಬಿಟ್ಟು ಗೆರೆಗಳನ್ನು ಹಿಡಿದುಕೊಳ್ಳಬೇಕೆಂದು ತೀರ್ಮಾನಿಸಿದ್ದು ಆವತ್ತು.

ಈ ಯೋಚನೆ ಹೊಸದೇನೂ ಅಲ್ಲವೆಂದು ಆಮೇಲೆ ತಿಳಿಯಿತು. ಕಾಗದ ಮಡಚಿಯೇ ರೇಖಾಗಣಿತವನ್ನು ಕಲಿಸುವ ಒಂದು ಪುಸ್ತಕವನ್ನು ಟಿ. ಸುಂದರ ರಾವ್ ಅವರು 1893ರಷ್ಟು ಹಿಂದೆಯೇ ಮದ್ರಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಜರ್ಮನಿಯ ಫ್ರೋಬೆಲ್ ಶಿಶುವಿಹಾರಗಳಿಗೆಂದು ರೂಪಿಸಿದ ಕಾಗದ ಮಡಚುವ ಚಟುವಟಿಕೆಯಿಂದ ತಮಗೆ ಈ ಪುಸ್ತಕದ ಯೋಚನೆ ಬಂದಿತೆಂದು ಅವರೇ ಬರೆದುಕೊಂಡಿದ್ದಾರೆ. ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಉಲ್ಲೇಖಿಸಿದ ಮೇಲೆ 1901ರಲ್ಲಿ ಅಮೆರಿಕದಲ್ಲಿಯೂ ಅದು ಅಚ್ಚಾಯಿತು. ಕಾಗದ ಮಡಚುವುದೆಂದರೆ ಜಪಾನಿನಿಂದ ಬಂದ ಕರಕುಶಲ ಎಂದಷ್ಟೇ ತಿಳಿದಿದ್ದ ನನಗೆ, ನಮ್ಮ ಪಕ್ಕದ ಮದ್ರಾಸಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದು ಗಣಿತವಾಗಿತ್ತು ಎಂಬುದು ಧೈರ್ಯ ಕೊಟ್ಟಿತು.

ಜುಲೈನಿಂದ ನಾನು ಮೂರು ನಿಯಮಗಳನ್ನು ಮಾಡಿಕೊಂಡೆ. ಒಂದು ಅವಧಿಗೆ ಮೂರು ನಾಲ್ಕು ಮಡಿಕೆಗಳಿಗಿಂತ ಹೆಚ್ಚಿಲ್ಲ. ಮಡಚಿದ್ದನ್ನೆಲ್ಲ ಬಿಚ್ಚಲೇಬೇಕು, ಬಿಚ್ಚಿದ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯಬೇಕು. ಮೂರನೆಯದು ನನಗೇ ಹಾಕಿಕೊಂಡದ್ದು: ಮಗುವಿನ ಕೈಯಲ್ಲಿರುವ ಕಾಗದವನ್ನು ನಾನು ಮುಟ್ಟುವುದಿಲ್ಲ. ಮೊದಲ ಎರಡು ಸುಲಭವಾದವು. ಮೂರನೆಯದನ್ನು ಪಾಲಿಸಲು, ನಗಬೇಡಿ, ಕೆಲವು ವಾರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬೆಂಚುಗಳ ನಡುವೆ ಓಡಾಡಬೇಕಾಯಿತು. ಲೆಕ್ಕ ತಪ್ಪಿದ ಮಗುವಿನ ನೋಟುಪುಸ್ತಕದಲ್ಲಿ ಉತ್ತರವನ್ನು ಬರೆದುಕೊಡುವ ಅಭ್ಯಾಸ ನನಗೆ ಎಷ್ಟು ಮೈಗೂಡಿತ್ತೆಂಬುದು ಕಾಗದದ ಎದುರು ಗೊತ್ತಾಯಿತು.

ಕಾಗದದ ಆಯ್ಕೆಯ ಪಾಡು ಬೇರೆಯೇ ಇತ್ತು. ದಿನಪತ್ರಿಕೆ ಮೆತ್ತಗಾಗಿ ಗೆರೆಯನ್ನು ಹಿಡಿಯುವುದಿಲ್ಲ. ಜಾಹೀರಾತಿನ ಮಿರುಗುವ ಕರಪತ್ರ ಮಡಚಿದ ಕಡೆ ಬಿರುಕು ಬಿಡುತ್ತದೆ. ಬಣ್ಣದ ಕಾಗದಕ್ಕೆ ದುಡ್ಡು ಬೇಕು. ಹಿಂದಿನ ವರ್ಷದ ಗೋಡೆ ಕ್ಯಾಲೆಂಡರುಗಳು ಎಲ್ಲ ರೀತಿಯಿಂದಲೂ ಹೊಂದಿಕೊಂಡವು. ಒಂದು ಮಗ್ಗುಲು ಅಂಕಿ, ಹಿಂದೆ ಖಾಲಿ ಇರುವಂಥವನ್ನು ಮಕ್ಕಳು ಮನೆಗಳಿಂದಲೂ ಅಂಗಡಿಗಳಿಂದಲೂ ತಂದು ರಾಶಿ ಹಾಕಿದರು. ಅವನ್ನು 24 ಸೆಂಟಿಮೀಟರ್ ಬದಿಯ ಚೌಕಗಳಾಗಿ ಕತ್ತರಿಸಿದೆವು. ಎರಡರಿಂದಲೂ ಮೂರರಿಂದಲೂ ಎಂಟರಿಂದಲೂ ಭಾಗವಾಗುವ ಸಂಖ್ಯೆ ಎಂಬುದಷ್ಟೇ 24ಕ್ಕೆ ಕಾರಣವಾಗಿತ್ತು, ಆದರೆ ಅದು ಮುಂದೆ ನಾನು ಎಣಿಸಿರದಷ್ಟು ಉಪಕಾರ ಮಾಡಿತು.

ಮೊದಲ ಪಾಠ ಭಿನ್ನರಾಶಿ. ಹಾಳೆಯನ್ನು ಒಂದು ಸಲ ಅರ್ಧಕ್ಕೆ ಮಡಚಿದರೆ ಎರಡು ಭಾಗ, ಇನ್ನೊಂದು ಸಲ ಮಡಚಿದರೆ ನಾಲ್ಕು; ಮೂರನೆಯ ಸಲ ಮಡಚಿದರೆ ಎಷ್ಟು ಎಂದು ಬಿಚ್ಚುವ ಮೊದಲೇ ಕೇಳಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳು "ಆರು" ಎಂದರು. ಬಿಚ್ಚಿ ಎಣಿಸಿದಾಗ ಎಂಟು. ತಪ್ಪನ್ನು ತಿದ್ದಿದ್ದು ನಾನಲ್ಲ, ಹಾಳೆ. ಆದುದರಿಂದ ಯಾರ ಮುಖವೂ ಬಾಡಲಿಲ್ಲ. ನಾಲ್ಕನೆಯ ಸಲಕ್ಕೆ ಹತ್ತು ಎಂದವರು ಇಬ್ಬರೇ.

ಇಡೀ ವರ್ಷದಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ ಪಾಠ ಆಗಸ್ಟಿನಲ್ಲಿ ಬಂದಿತು. ಚೌಕದ ನಾಲ್ಕು ಮೂಲೆಗಳನ್ನೂ ನಡುಬಿಂದುವಿಗೆ ತಂದು ಮಡಚಿದರೆ ಸಣ್ಣದೊಂದು ಚೌಕ ಸಿಗುತ್ತದೆ. ಒಳಗೆ ಮಡಚಿದ ನಾಲ್ಕು ತ್ರಿಭುಜಗಳು ಆ ಸಣ್ಣ ಚೌಕವನ್ನು ಎಲ್ಲಿಯೂ ಬಿರುಕಿಲ್ಲದಂತೆ, ಒಂದರ ಮೇಲೊಂದು ಏರದಂತೆ ಮುಚ್ಚುವುದರಿಂದ ಅದರ ವಿಸ್ತೀರ್ಣ ಮೂಲ ಚೌಕದ ಸರಿಯಾಗಿ ಅರ್ಧ ಎಂಬುದನ್ನು ಮಕ್ಕಳು ಬಹುಬೇಗ ಕಂಡುಕೊಂಡರು. ವಿಸ್ತೀರ್ಣ ಅರ್ಧವಾದ ಮೇಲೆ ಬದಿಯೂ ಅರ್ಧವಾಗಬೇಕಲ್ಲ, 12 ಸೆಂಟಿಮೀಟರ್ ಇರಬೇಕಲ್ಲ ಎಂದು ಅಳೆದು ನೋಡಿದರೆ ಸ್ಕೇಲು 17 ಎನ್ನುತ್ತಿತ್ತು. ಸ್ಕೇಲಿನ ತುದಿ ಸವೆದಿದೆಯೆಂದು ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳ ಸ್ಕೇಲನ್ನು ಇಸಿದುಕೊಂಡು ಮತ್ತೆ ಅಳೆದಳು. ಮತ್ತೆ 17. ಸಿಟ್ಟಿಗೋ ಏನೋ, ಅದೇ ಸಣ್ಣ ಚೌಕದ ನಾಲ್ಕು ಮೂಲೆಗಳನ್ನು ಮತ್ತೊಮ್ಮೆ ನಡುವಿಗೆ ಮಡಚಿ ಅಳೆದಳು. ಈಗ ಸರಿಯಾಗಿ 12 ಬಂದಿತು. "ಎರಡು ಸಲ ಮಡಚಿದ್ರೆ ಅರ್ಧ ಆಗುತ್ತೆ ಮಿಸ್, ಒಂದು ಸಲಕ್ಕೆ ಆಗಲ್ಲ" ಎಂದಳು.

ನಾನು ಅಷ್ಟಕ್ಕೇ ನಿಲ್ಲಿಸುವವಳಿದ್ದೆ. ಆದರೆ ಆಕೆ ಹಾಳೆಯ ಅಂಚಿನಲ್ಲಿ ಗುಣಾಕಾರ ಮಾಡತೊಡಗಿದ್ದಳು. 24ನ್ನು 24ರಿಂದ ಗುಣಿಸಿದರೆ 576, ಅದರ ಅರ್ಧ 288. 17ನ್ನು 17ರಿಂದ ಗುಣಿಸಿದರೆ 289. "ಒಂದು ಎಲ್ಲಿಂದ ಜಾಸ್ತಿ ಬಂತು ಮಿಸ್?" ಎಂದು ಕೇಳಿದಾಗ, ನಿನ್ನ ಅಳತೆ ಒಂದಿಷ್ಟು ಹೆಚ್ಚುಕಡಿಮೆ ಆಗಿರಬೇಕು ಎಂದು ತೇಲಿಸಿಬಿಡಬಹುದಾಗಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಎಷ್ಟು ನಿಖರವಾದ ಅಳತೆಪಟ್ಟಿ ತಂದರೂ ಆ ಬದಿಗೆ ಹೊಂದುವ ಪೂರ್ಣಸಂಖ್ಯೆಯಾಗಲಿ ಭಿನ್ನರಾಶಿಯಾಗಲಿ ಇಲ್ಲವೇ ಇಲ್ಲ ಎಂಬುದು ನನಗೆ ಗೊತ್ತಿತ್ತು. 12ನ್ನು 2ರ ವರ್ಗಮೂಲದಿಂದ ಗುಣಿಸಿದ ಉದ್ದ ಅದು, ಅಂದರೆ 12 ಸೆಂಟಿಮೀಟರ್ ಬದಿಯ ಚೌಕದ ಕರ್ಣ. ಮರುವಾರ ಪ್ರಾಚೀನ ಭಾರತದ ರೇಖಾಗಣಿತದ ಗ್ರಂಥಗಳಾದ ಶುಲ್ಬಸೂತ್ರಗಳ ವಿಷಯ ಹೇಳಿದೆ. ಯಜ್ಞವೇದಿಕೆಗಳ ಅಳತೆಗೆಂದು ಹಗ್ಗ ಹಿಡಿದು ಲೆಕ್ಕ ಹಾಕಿದವರಿಗೂ ಇದೇ ತೊಡಕು ಬಂದಿತ್ತು. ಚೌಕದ ಕರ್ಣ ಬೇಕಾದರೆ ಬದಿಗೆ ಅದರ ಮೂರನೆಯ ಒಂದು ಭಾಗವನ್ನು ಸೇರಿಸು, ಆ ಮೂರನೆಯ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಸೇರಿಸು, ಕೊನೆಗೆ ಸೇರಿಸಿದ ಆ ನಾಲ್ಕನೆಯ ಭಾಗದ ಮೂವತ್ತನಾಲ್ಕನೆಯ ಒಂದು ಭಾಗವನ್ನು ಕಳೆ ಎನ್ನುತ್ತದೆ ಬೌಧಾಯನನ ಸೂತ್ರ. ಬದಿ 12 ಎಂದು ಹಿಡಿದರೆ 12ಕ್ಕೆ 4 ಸೇರಿ 16, ಮತ್ತೆ 1 ಸೇರಿ 17, ಅದರಲ್ಲಿ 34ರ ಒಂದು ಪಾಲನ್ನು ಕಳೆದರೆ 16.97. ಕ್ಯಾಲೆಂಡರಿನ ಹಾಳೆಯಲ್ಲಿ ನಮ್ಮ ಹುಡುಗಿ ಕಂಡ 17 ಅದೇ 17 ಆಗಿತ್ತು, ಅವಳಿಗೆ ಹೆಚ್ಚಾಗಿ ಕಂಡ ಆ ಒಂದನ್ನು ಸರಿಪಡಿಸುವುದಕ್ಕಾಗಿಯೇ ಮೂವತ್ತನಾಲ್ಕನೆಯ ಒಂದು ಭಾಗದ ಕಳೆಯುವಿಕೆ ಇತ್ತು. ಪಾಠಯೋಜನೆಯಲ್ಲಿ ನಾನು ಇದನ್ನು ಬರೆದಿರಲಿಲ್ಲ. 20 ಸೆಂಟಿಮೀಟರಿನ ಚೌಕ ಕತ್ತರಿಸಿದ್ದರೆ ಇದು ಬರುತ್ತಲೂ ಇರಲಿಲ್ಲ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ಮಡಚಿ ತೋರಿಸುವ ಪಾಠ ಎಲ್ಲ ಶಿಕ್ಷಕರಿಗೂ ಗೊತ್ತಿರುವಂಥದ್ದು: ಮೇಲಿನ ಶೃಂಗವನ್ನು ಪಾದದ ಗೆರೆಗೆ ನೇರವಾಗಿ ಇಳಿಸಿ ಮಡಚಿ, ಉಳಿದೆರಡು ಶೃಂಗಗಳನ್ನೂ ಅದೇ ಬಿಂದುವಿಗೆ ತಂದರೆ ಮೂರು ಕೋನಗಳೂ ಒಂದು ಸರಳರೇಖೆಯ ಮೇಲೆ ಅಕ್ಕಪಕ್ಕ ಕೂರುತ್ತವೆ. ನಾನು ಮಕ್ಕಳಿಗೆ ಇಷ್ಟಬಂದ ತ್ರಿಭುಜ ಕತ್ತರಿಸಿಕೊಳ್ಳಲು ಹೇಳಿದ್ದೆ, ಇಬ್ಬರದು ಮಡಿಕೆಗೆ ಒಗ್ಗಲೇ ಇಲ್ಲ. ವಿಶಾಲಕೋನ ತ್ರಿಭುಜವನ್ನು ಅದರ ಚಿಕ್ಕ ಬದಿಯ ಮೇಲೆ ನಿಲ್ಲಿಸಿಕೊಂಡಿದ್ದರಿಂದ ಶೃಂಗ ಪಾದದ ಹೊರಗೆ ಹೋಗಿ ಬೀಳುತ್ತಿತ್ತು. ಅತಿ ಉದ್ದದ ಬದಿಯನ್ನು ಪಾದವಾಗಿ ತಿರುಗಿಸಿಕೊಂಡ ಮೇಲೆ ಸರಿಹೋಯಿತು. ಆದರೂ ಒಂದು ಮಾತನ್ನು ಇಲ್ಲಿ ಹೇಳಬೇಕು. ಮಡಚಿ ತೋರಿಸುವುದು ಗಣಿತದ ಪುರಾವೆಯಲ್ಲ. 36 ತ್ರಿಭುಜಗಳಲ್ಲಿ ಕೋನಗಳು ಹೊಂದಿಕೊಂಡವೆಂದರೆ 36ರಲ್ಲಿ ಹೊಂದಿಕೊಂಡವು ಎಂದಷ್ಟೇ ಅರ್ಥ. ಸಮಾನಾಂತರ ರೇಖೆ ಎಳೆದು ಕಾರಣ ಕೊಡುವ ಕೆಲಸ ಕಪ್ಪುಹಲಗೆಯ ಮೇಲೆ ಆಮೇಲೆಯೂ ನಡೆಯಲೇಬೇಕು, ನಾನು ಅದನ್ನು ಬಿಡಲಿಲ್ಲ.

ಲಾಭ ಗಣಿತದ್ದಷ್ಟೇ ಆಗಲಿಲ್ಲ. ದಸರಾ ರಜೆಯ ನಂತರ ಮಕ್ಕಳನ್ನು ಇಬ್ಬಿಬ್ಬರಂತೆ ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿ, ಒಬ್ಬರು ಮಡಚುತ್ತ ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ನೋಡದೆ ಕೇಳಿಯೇ ಮಡಚಬೇಕು ಎಂದೆ. ಮೊದಲ ಹತ್ತು ನಿಮಿಷ ಕೇಳಿಬಂದದ್ದು "ಹಿಂಗೆ ಮಡಚು", "ಅಲ್ಲಿಂದ ಇಲ್ಲಿಗೆ ತಗೊ" ಎಂಬ ಮಾತುಗಳೇ. ಬೆನ್ನ ಹಿಂದಿರುವವನಿಗೆ "ಹಿಂಗೆ" ಎಂದರೆ ಏನು ತಿಳಿಯಬೇಕು? ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನಗುವೋ ನಗು. ಮೂರನೆಯ ವಾರದ ಹೊತ್ತಿಗೆ ಮೂಲೆ, ಅಂಚು, ಕರ್ಣ, ಮಧ್ಯಬಿಂದು, ಮೇಲಿನ ಪದರ, ತೆರೆದ ಬದಿ ಎಂಬ ಪದಗಳು ಒತ್ತಾಯವಿಲ್ಲದೆ ಬಾಯಿಗೆ ಬಂದಿದ್ದವು. ಪಠ್ಯಪುಸ್ತಕದ ವ್ಯಾಖ್ಯೆಯಲ್ಲಿ ಸತ್ತಂತೆ ಬಿದ್ದಿದ್ದ "ಕರ್ಣ" ಎಂಬ ಶಬ್ದವನ್ನು ಹುಡುಗನೊಬ್ಬ ಸಿಟ್ಟಿನಿಂದ, "ಕರ್ಣ ಅಂದೆ ಕಣೋ, ನಡುಗೆರೆ ಅಲ್ಲ!" ಎಂದು ಕೂಗಿದಾಗ ನನಗಾದ ಸಂತೋಷವನ್ನು ಭಾಷಾಶಿಕ್ಷಕರೊಂದಿಗೂ ಹಂಚಿಕೊಂಡೆ.

ನವೆಂಬರಿನಲ್ಲಿ ಜಪಾನಿನ ಕಜುವೊ ಹಾಗಾ ಅವರ ಹೆಸರಿನ ಮಡಿಕೆಗೆ ಬಂದೆವು. ಚೌಕದ ಕೆಳಗಿನ ಎಡಮೂಲೆಯನ್ನು ಮೇಲಿನ ಅಂಚಿನ ಮಧ್ಯಬಿಂದುವಿಗೆ ತಂದು ಒಮ್ಮೆ ಮಡಚಿದರೆ ಸಾಕು, ಬದಿಯ ಮೂರನೆಯ ಒಂದು ಭಾಗ ತಾನಾಗಿ ಸಿಗುತ್ತದೆ: ಕೆಳಗಿನ ಅಂಚು ಓರೆಯಾಗಿ ಬಂದು ಬಲಬದಿಯನ್ನು ಕತ್ತರಿಸುವ ಜಾಗವೇ ಆ ಬಿಂದು. ನಮ್ಮ 24 ಸೆಂಟಿಮೀಟರಿನ ಹಾಳೆಯಲ್ಲಿ ಅದು ಕೆಳಗಿನಿಂದ 8ರಲ್ಲಿ ಬಿದ್ದಿತು. ಮೇಲಿನ ಎಡಮೂಲೆಯಲ್ಲಿ ಉಳಿದ ಲಂಬಕೋನ ತ್ರಿಭುಜದ ಬದಿಗಳು 9, 12, 15. ಬಲಗಡೆಯದರವು 12, 16, 20. ಒಬ್ಬನಿಗೆ 8.8 ಬಂದಿತು, ಇನ್ನೊಬ್ಬಳಿಗೆ 15.2 ಬಂದಿತು, ಆದರೆ ಹತ್ತಾರು ಅಳತೆಗಳನ್ನು ಹಲಗೆಯ ಮೇಲೆ ಸಾಲಾಗಿ ಬರೆದಾಗ ಅವು ಯಾವ ಸಂಖ್ಯೆಯ ಸುತ್ತ ಗುಂಪುಗೂಡುತ್ತಿವೆ ಎಂಬುದು ತಾನೇ ಕಂಡಿತು. ಮೂರು, ನಾಲ್ಕು, ಐದರ ಈ ಸಂಬಂಧ ಮುಂದೆ ಪೈಥಾಗೋರಸ್ ಪ್ರಮೇಯದಲ್ಲಿ ಬರುತ್ತದೆ ಎಂದು ಹೇಳಿ ಬಿಟ್ಟೆ.

ಎಲ್ಲ ಮಕ್ಕಳ ಕಲಿಕೆಯೂ ಏರಿತೆಂದು ಬರೆದರೆ ಅದು ವರದಿಯಾಗುತ್ತದೆ, ಅನುಭವವಾಗುವುದಿಲ್ಲ. ತಂದೆಯ ಕಿರಾಣಿ ಅಂಗಡಿಯಲ್ಲಿ ಸಂಜೆ ಸಾಸಿವೆ ಜೀರಿಗೆ ಪೊಟ್ಟಣ ಕಟ್ಟುವ ಹುಡುಗನೊಬ್ಬ ತರಗತಿಯಲ್ಲಿದ್ದ. ಉಗುರಿನ ಬೆನ್ನಿನಿಂದ ಅವನು ಒಮ್ಮೆ ಎಳೆದನೆಂದರೆ ಮಡಿಕೆ ಇಸ್ತ್ರಿ ಹಾಕಿದಂತೆ ಕೂರುತ್ತಿತ್ತು. ಲಿಖಿತ ಪರೀಕ್ಷೆಯಲ್ಲಿ ಹಿಂದೆ ಬೀಳುವ ಇವನು ಕಾಗದದಿಂದ ಮೇಲೆ ಬರುತ್ತಾನೆಂದು ನಾನು ಮನಸ್ಸಿನಲ್ಲೇ ಕಥೆ ಕಟ್ಟಿಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಹಾಳೆಯ ಎಂಟರಲ್ಲಿ ಮೂರು ಭಾಗಕ್ಕೆ ತಡವರಿಸದೆ ಬಣ್ಣ ಹಚ್ಚುತ್ತಿದ್ದವನು ಪರೀಕ್ಷೆಯಲ್ಲಿ ಎರಡು ಭಿನ್ನರಾಶಿಗಳನ್ನು ಕೂಡುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಯೇ ಬಂದ. ಹಾಳೆಯಿಂದ ಅಂಕಿಗೆ ದಾಟುವ ಸೇತುವೆ ತಾನಾಗಿ ಕಟ್ಟಿಕೊಳ್ಳುವುದಿಲ್ಲ, ಅದನ್ನು ನಾನು ಬೇರೆಯಾಗಿ ಕಟ್ಟಬೇಕಿತ್ತು. ಆದರೆ ಅವನು ಪಕ್ಕದವರಿಗೆ ಮಡಿಕೆ ತೋರಿಸಲು ಎದ್ದು ಹೋಗುತ್ತಿದ್ದ, ಅದಕ್ಕಾಗಿ ಶನಿವಾರ ತಪ್ಪಿಸುತ್ತಿರಲಿಲ್ಲ.

ಜನವರಿಯಲ್ಲಿ ಕೊಕ್ಕರೆಗೆ ಮರಳಿದೆವು. ಹಿರೋಷಿಮಾದ ಮೇಲೆ 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಎರಡು ವರ್ಷದ ಮಗುವಾಗಿದ್ದು, ಹತ್ತು ವರ್ಷಗಳ ನಂತರ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸಡಾಕೊ ಸಸಾಕಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೊಕ್ಕರೆಗಳನ್ನು ಮಡಚುತ್ತಿದ್ದುದನ್ನು ಹೇಳಿದೆ. ಔಷಧಿಯ ಪೊಟ್ಟಣದ ಕಾಗದವನ್ನೂ ಅವಳು ಬಿಡುತ್ತಿರಲಿಲ್ಲ ಎಂದಾಗ ಅಂಗಡಿಯ ಹುಡುಗ ತಲೆ ಎತ್ತಿದ. ಈ ಸಲ 36 ಮಕ್ಕಳಲ್ಲಿ 29 ಮಂದಿ ಕೊಕ್ಕರೆಯನ್ನು ಮುಗಿಸಿದರು, ನಾನು ಒಂದನ್ನೂ ಮುಟ್ಟಲಿಲ್ಲ. ಆಮೇಲೆ ಬಿಚ್ಚಲು ಹೇಳಿದಾಗ ಮಾತ್ರ ದೊಡ್ಡ ತಕರಾರು ಎದ್ದಿತು! ಮನೆಗೆ ಒಂದು, ಬಿಚ್ಚುವುದಕ್ಕೆ ಇನ್ನೊಂದು ಎಂದು ರಾಜಿಯಾಯಿತು.

ಬಿಚ್ಚಿದ ಕೊಕ್ಕರೆಯಲ್ಲಿ ಉಬ್ಬಿದ ಗೆರೆಗಳಿಗೆ ಕೆಂಪು, ತಗ್ಗಿದ ಗೆರೆಗಳಿಗೆ ನೀಲಿ ಹಚ್ಚಿದೆವು. ಒರಿಗಾಮಿಯವರು ಇವನ್ನು ಬೆಟ್ಟ, ಕಣಿವೆ ಎನ್ನುತ್ತಾರೆ. ನಮ್ಮ ಮಕ್ಕಳು ದಿಣ್ಣೆ, ಹಳ್ಳ ಎಂದು ಕರೆದರು. ಚಪ್ಪಟೆಯಾಗಿ ಮಡಚಿದ ಕಾಗದದ ಒಳಗಿನ ಯಾವ ಬಿಂದುವನ್ನೇ ತೆಗೆದುಕೊಂಡರೂ ಅಲ್ಲಿ ಕೂಡುವ ದಿಣ್ಣೆಗಳಿಗೂ ಹಳ್ಳಗಳಿಗೂ ಇರುವ ವ್ಯತ್ಯಾಸ ಯಾವಾಗಲೂ ಎರಡು. ಇದು ಜುನ್ ಮಯೆಕಾವಾ ಅವರ ಹೆಸರಿನಲ್ಲಿರುವ ಪ್ರಮೇಯ. ನಾನು ಅದನ್ನು ಮೊದಲೇ ಹೇಳದೆ, ಎಣಿಸಿ ಪಟ್ಟಿ ಮಾಡಿ ಎಂದಷ್ಟೇ ಹೇಳಿದ್ದೆ. ಪಟ್ಟಿಗಳಲ್ಲಿ ಎರಡು, ಎರಡು, ಎರಡು ಎಂದು ಬರುತ್ತಿದ್ದುದನ್ನು ನೋಡಿ ತರಗತಿ ಚುರುಕಾಯಿತು. ಒಬ್ಬಳಿಗೆ ಒಂದು ಬಿಂದುವಿನಲ್ಲಿ ಮೂರು ಬಂದಿತು. ಅವಳೊಡನೆ ಕುಳಿತು ನೋಡಿದಾಗ, ಗುರುತಿಗಾಗಿ ಮಡಚಿ ಮತ್ತೆ ಚಪ್ಪಟೆ ಮಾಡಿಬಿಟ್ಟಿದ್ದ ಗೆರೆಯನ್ನೂ ಅವಳು ಸೇರಿಸಿಕೊಂಡಿದ್ದು ತಿಳಿಯಿತು. ಯಾವ ಗೆರೆಯನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಅಂದು ನಡೆದ ವಾದ, ನಾನು ಹದಿನಾಲ್ಕು ವರ್ಷಗಳಲ್ಲಿ ಕೇಳಿದ ಗಣಿತದ ವಾದಗಳಲ್ಲೆಲ್ಲ ಒಳ್ಳೆಯದು.

ವರ್ಷದ ಕೊನೆಗೆ ಅದೇ ಅಂಗಡಿಯ ಹುಡುಗ ಒಂದು ಪ್ರಶ್ನೆ ಕೇಳಿದ್ದ. ಕೋನವನ್ನು ಎರಡಾಗಿ ಮಡಚುವುದು ಸುಲಭ, ಮೂರಾಗಿ ಮಡಚುವುದು ಹೇಗೆ ಎಂದು. ಯಾವುದೋ ಒಂದು ಕೋನವನ್ನು ಕೊಟ್ಟು ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ ಮೂರು ಸಮಭಾಗ ಮಾಡೆಂದರೆ ಎಲ್ಲ ಸಂದರ್ಭಗಳಲ್ಲಿಯೂ ಅದು ಆಗದ ಕೆಲಸವೆಂದು 1837ರಲ್ಲಿ ಗಣಿತಜ್ಞ ವಾಂಟ್ಜೆಲ್ ಸಾಧಿಸಿದ್ದರು. ನನಗೆ ಗೊತ್ತಿದ್ದದ್ದು ಅಷ್ಟೇ, ಅಷ್ಟನ್ನೇ ಹೇಳಿದೆ. ಬೇಸಿಗೆ ರಜೆಯಲ್ಲಿ ಓದುವಾಗ, ಕಾಗದದಲ್ಲಿ ಅದು ಸಾಧ್ಯವೆಂದೂ ಹಿಸಾಶಿ ಅಬೆ ಎಂಬವರು ಅದರ ಕ್ರಮವನ್ನು ತೋರಿಸಿದ್ದಾರೆಂದೂ ತಿಳಿಯಿತು. ಆದರೆ ಅಷ್ಟರಲ್ಲಿ ಆ ಮಕ್ಕಳೆಲ್ಲ ಎಂಟನೇ ತರಗತಿಗೆಂದು ಪ್ರೌಢಶಾಲೆಗೆ ಹೋಗಿಯಾಗಿತ್ತು.

ಜುಲೈನ ಒಂದು ಶನಿವಾರ ಮಧ್ಯಾಹ್ನ ಅವನು ವರ್ಗಾವಣೆ ಪತ್ರದ ಕೆಲಸಕ್ಕೆಂದು ಸೈಕಲ್ಲಿನಲ್ಲಿ ಬಂದಾಗ ಜಗುಲಿಯಲ್ಲಿ ಕೂರಿಸಿಕೊಂಡೆ. ಚೌಕದ ಕೆಳಗಿನ ಎಡಮೂಲೆಯಲ್ಲಿ 60 ಡಿಗ್ರಿಯ ಗೆರೆಯೊಂದನ್ನು ಮಡಚಿದೆವು. ಕೆಳಗಿನ ಅಂಚಿಗೆ ಸಮಾನಾಂತರವಾಗಿ, ಒಂದೇ ಅಂತರದಲ್ಲಿ ಎರಡು ಮಡಿಕೆಗಳನ್ನು ಹಾಕಿದೆವು. ಇನ್ನು ಎಡಮೂಲೆ ಮೊದಲನೆಯ ಮಡಿಕೆಯ ಮೇಲೂ, ಎರಡನೆಯ ಮಡಿಕೆಯ ಎಡತುದಿ 60 ಡಿಗ್ರಿಯ ಗೆರೆಯ ಮೇಲೂ ಏಕಕಾಲಕ್ಕೆ ಬಂದು ಕೂರುವ ಹಾಗೆ ಹಾಳೆಯನ್ನು ಮಡಚಬೇಕು. ಬೆರಳುಗಳ ನಡುವೆ ಕಾಗದವನ್ನು ಅತ್ತಿತ್ತ ಜಾರಿಸುತ್ತ, ಉಸಿರು ಬಿಗಿಹಿಡಿದು, ಎರಡೂ ಕೂಡಿದ ಕ್ಷಣದಲ್ಲಿ ಅವನು ಉಗುರಿನ ಬೆನ್ನಿನಿಂದ ಒಂದು ಸಲ ಎಳೆದ. ಮೂಲೆ ಬಂದು ಕೂತ ಜಾಗವನ್ನು ಗುರುತು ಮಾಡಿ, ಬಿಚ್ಚಿ, ಮೂಲೆಯಿಂದ ಅಲ್ಲಿಗೆ ಗೆರೆ ಎಳೆದು ಕೋನಮಾಪಕ ಇಟ್ಟೆವು. 20 ಡಿಗ್ರಿಗಿಂತ ಕೂದಲೆಳೆಯಷ್ಟು ಹೆಚ್ಚಿತ್ತು.

"ಕ್ಯಾಲೆಂಡರ್ ಹಾಳೆ ದಪ್ಪ ಆಯ್ತು ಮಿಸ್" ಎಂದು ಅವನು ಇನ್ನೊಂದು ಹಾಳೆಗೆ ಕೈಚಾಚಿದ.